ಹೊಟ್ಟೆಯ ದೊಡ್ಡ ಆಪರೇಷನ್‌ಗೆ ಯಾವ ಡ್ರಿಪ್, ಎಷ್ಟು ಬಾಟಲಿ? ವೈದ್ಯರ ಲೆಕ್ಕಾಚಾರ ಬದಲಾಗಿದ್ದು ಹೀಗೆ

ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿರಲಿ, ಜಠರದ ಒಂದು ಭಾಗ ತೆಗೆದಿರಲಿ, ಮೇದೋಜೀರಕ ಗ್ರಂಥಿಯ ಗಡ್ಡೆಗೆ ಕತ್ತರಿ ಹಾಕಿರಲಿ, ರೋಗಿಯ ಮಂಚದ ಪಕ್ಕ ಡ್ರಿಪ್ ಸ್ಟ್ಯಾಂಡ್ ಇದ್ದೇ ಇರುತ್ತದೆ. ನೋಡಲು ಬಂದ ನೆಂಟರ ಮೊದಲ ಪ್ರಶ್ನೆಯೂ ಅದರದ್ದೇ: "ಎಷ್ಟು ಬಾಟಲಿ ಹೋಯ್ತು?" ಹೆಚ್ಚು ಹೋದಷ್ಟೂ ರೋಗಿಗೆ ಶಕ್ತಿ ಬರುತ್ತದೆ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಜ್ವರ ಬಂದರೂ ಕ್ಲಿನಿಕ್‌ಗೆ ಹೋಗಿ "ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ" ಎನ್ನುವವರು ನಾವು.

ಆದರೆ ಆ ಬಾಟಲಿ ಬರೀ ನೀರಲ್ಲ, ಅದೂ ಒಂದು ಔಷಧಿ. ಅದಕ್ಕೂ ಡೋಸ್ ಇದೆ, ಅಡ್ಡಪರಿಣಾಮ ಇದೆ. ಯಾವ ದ್ರವ, ಎಷ್ಟು ಪ್ರಮಾಣ ಎಂಬ ಎರಡು ಪ್ರಶ್ನೆಗಳ ಮೇಲೆ ಕಳೆದ ಎರಡು ದಶಕಗಳಲ್ಲಿ ಸಾವಿರಾರು ರೋಗಿಗಳನ್ನು ಒಳಗೊಂಡ ಅಧ್ಯಯನಗಳು ನಡೆದಿವೆ. ಕೆಲವು ಹಳೆಯ ನಂಬಿಕೆಗಳು ಬಿದ್ದುಹೋಗಿವೆ. ಹೊಸದಾಗಿ ಹುಟ್ಟಿದ ಒಂದು ನಂಬಿಕೆಯೂ ಪೂರ್ತಿ ನಿಲ್ಲಲಿಲ್ಲ.

ಬಾಟಲಿಯ ಮೇಲೆ ಏನು ಬರೆದಿರುತ್ತೆ?

ಮುಂಬೈ ಆಗಲಿ, ಚೆನ್ನೈ ಆಗಲಿ, ಹೈದರಾಬಾದ್ ಆಗಲಿ, ವಾರ್ಡ್‌ನಲ್ಲಿ ಮಾತಾಡುವ ಭಾಷೆ ಬೇರೆಯಾದರೂ ಕೇಸ್ ಶೀಟ್‌ನ ಅಕ್ಷರಗಳು ಒಂದೇ. ಎನ್‌ಎಸ್ ಅಂದರೆ ನಾರ್ಮಲ್ ಸಲೈನ್. ಆರ್‌ಎಲ್ ಅಂದರೆ ರಿಂಗರ್ಸ್ ಲ್ಯಾಕ್ಟೇಟ್. ಡಿ-5 ಅಂದರೆ ಶೇ. 5ರ ಡೆಕ್ಸ್‌ಟ್ರೋಸ್, ಅಂದರೆ ಜನ ಹೇಳುವ ನಿಜವಾದ ಗ್ಲೂಕೋಸ್. ಡಿಎನ್‌ಎಸ್ ಎಂದರೆ ಸಲೈನ್‌ಗೆ ಸಕ್ಕರೆ ಬೆರೆಸಿದ್ದು.

ಮೊದಲು ಗ್ಲೂಕೋಸ್ ವಿಷಯ ಮುಗಿಸಿಬಿಡೋಣ. ಅರ್ಧ ಲೀಟರ್ ಡಿ-5 ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರಿಂದ ಸಿಗುವ ಶಕ್ತಿ ಹೆಚ್ಚುಕಡಿಮೆ ಒಂದು ಬಾಳೆಹಣ್ಣಿನಷ್ಟು. ದೇಹ ಆ ಸಕ್ಕರೆಯನ್ನು ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ಆ ನೀರು ರಕ್ತನಾಳದಲ್ಲಿ ನಿಲ್ಲುವುದಿಲ್ಲ, ದೇಹದ ಎಲ್ಲ ಕೋಶಗಳಿಗೂ ಹಂಚಿಹೋಗುತ್ತದೆ. 60 ಕಿಲೋ ತೂಕದ ವ್ಯಕ್ತಿಯ ಮೈಯಲ್ಲಿ ಸುಮಾರು 35 ಲೀಟರ್ ನೀರಿದ್ದರೆ, ಅದರಲ್ಲಿ ರಕ್ತದ ದ್ರವಭಾಗ ಸುಮಾರು 3 ಲೀಟರ್ ಮಾತ್ರ. ಹಾಗಾಗಿ ಒಂದು ಲೀಟರ್ ಡಿ-5 ಕೊಟ್ಟರೆ ಕೊನೆಗೆ ರಕ್ತನಾಳದಲ್ಲಿ ಉಳಿಯುವುದು ನೂರು ಮಿಲಿಗಿಂತಲೂ ಕಡಿಮೆ. ರಕ್ತಸ್ರಾವವಾಗಿ ಬಿಪಿ ಬಿದ್ದವರಿಗೆ ಇದು ಉಪಯೋಗಕ್ಕೆ ಬರುವುದಿಲ್ಲ. ಅಷ್ಟೇ ಅಲ್ಲ, ಆಪರೇಷನ್ ಆದ ಮೈ ನೀರನ್ನು ಹೊರಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಆ ಸಮಯದಲ್ಲಿ ಉಪ್ಪಿಲ್ಲದ ನೀರು ಹೆಚ್ಚಾದರೆ ರಕ್ತದ ಸೋಡಿಯಂ ಕುಸಿದು ರೋಗಿ ಗೊಂದಲಕ್ಕೆ ಬೀಳಬಹುದು, ಫಿಟ್ಸ್ ಕೂಡ ಬರಬಹುದು. ಸಕ್ಕರೆ ಪ್ರಮಾಣ ಕುಸಿಯದಂತೆ ನೋಡಿಕೊಳ್ಳಲು, ದಿನದ ನೀರಿನ ಅಗತ್ಯದ ಒಂದು ಭಾಗ ತುಂಬಲು ಇದನ್ನು ಕೊಡುತ್ತಾರೆ. ಅದರಾಚೆಗೆ ಅದಕ್ಕೆ ಕೆಲಸವಿಲ್ಲ.

ಹಾಗಾದರೆ ದೊಡ್ಡ ಆಪರೇಷನ್‌ಗೆ ಉಳಿಯುವ ಆಯ್ಕೆ ಮುಖ್ಯವಾಗಿ ಎರಡು: ಸಲೈನ್ ಅಥವಾ ಆರ್‌ಎಲ್.

ಕಾಲರಾದಿಂದ ಶುರುವಾದ ಕಥೆ

ರಕ್ತನಾಳಕ್ಕೆ ಉಪ್ಪುನೀರು ಹಾಕುವ ಯೋಚನೆ ಬಂದದ್ದು ಕಾಲರಾ ಕಾಲದಲ್ಲಿ. 1831-32ರಲ್ಲಿ ಬ್ರಿಟನ್‌ಗೆ ಕಾಲರಾ ಅಪ್ಪಳಿಸಿದಾಗ ವಿಲಿಯಂ ಬ್ರೂಕ್ ಓಶಾನೆಸ್ಸಿ ಎಂಬ ಐರಿಷ್ ಯುವ ವೈದ್ಯ ರೋಗಿಗಳ ರಕ್ತ ಪರೀಕ್ಷಿಸಿ, ಅದರಲ್ಲಿ ನೀರು ಮತ್ತು ಲವಣಗಳು ಬತ್ತಿಹೋಗಿವೆ ಎಂದು ಹೇಳಿದ. ಅದನ್ನು ಓದಿದ ಸ್ಕಾಟ್ಲೆಂಡ್‌ನ ಲೀತ್ ಪಟ್ಟಣದ ವೈದ್ಯ ಥಾಮಸ್ ಲಾಟಾ 1832ರಲ್ಲಿ ಸಾಯುವ ಸ್ಥಿತಿಯಲ್ಲಿದ್ದ ರೋಗಿಗಳ ರಕ್ತನಾಳಕ್ಕೆ ಉಪ್ಪು ಮತ್ತು ಸೋಡಾ ಬೆರೆಸಿದ ನೀರು ಹಾಯಿಸಿದ. ಕೆಲವರು ಬದುಕಿದರು. ಓಶಾನೆಸ್ಸಿ ಮುಂದೆ ಕೋಲ್ಕತ್ತಾಗೆ ಬಂದು ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ. ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವನೂ ಅವನೇ! ಡ್ರಿಪ್‌ಗೂ ತಂತಿ ಸಂದೇಶಕ್ಕೂ ಒಬ್ಬನೇ ಮನುಷ್ಯ ಕಾರಣನಾದದ್ದು ಸ್ವಲ್ಪ ವಿಚಿತ್ರವೇ.

ಇಂದಿನ ಶೇ. 0.9ರ ಸಲೈನ್ ಮಾತ್ರ ಲಾಟಾನದ್ದಲ್ಲ. 19ನೇ ಶತಮಾನದ ಕೊನೆಯಲ್ಲಿ ಡಚ್ ವಿಜ್ಞಾನಿ ಹಾರ್ಟೋಗ್ ಹ್ಯಾಂಬರ್ಗರ್ ಪ್ರಯೋಗಾಲಯದಲ್ಲಿ ಕೆಂಪು ರಕ್ತಕಣಗಳು ಯಾವ ಉಪ್ಪುನೀರಿನಲ್ಲಿ ಒಡೆಯದೆ ಉಳಿಯುತ್ತವೆ ಎಂದು ಪರೀಕ್ಷಿಸುತ್ತಿದ್ದ. ಅಲ್ಲಿ ಸಿಕ್ಕ ಅಂಕಿಯೇ 0.9. ಮನುಷ್ಯನಿಗೆ ಲೀಟರ್‌ಗಟ್ಟಲೆ ಕೊಡಬಹುದೇ ಎಂಬ ಪರೀಕ್ಷೆ ಅದಲ್ಲ. ಆದರೂ ಅದಕ್ಕೆ "ನಾರ್ಮಲ್" ಎಂಬ ಹೆಸರು ಅಂಟಿಕೊಂಡಿತು.

ಆರ್‌ಎಲ್ ಹುಟ್ಟಿದ್ದು ಇನ್ನೊಂದು ದಾರಿಯಲ್ಲಿ. 1880ರ ದಶಕದಲ್ಲಿ ಲಂಡನ್‌ನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ದ್ರಾವಣದಲ್ಲಿಟ್ಟು ಅದು ಎಷ್ಟು ಹೊತ್ತು ಬಡಿಯುತ್ತದೆ ಎಂದು ನೋಡುತ್ತಿದ್ದ. ಹೃದಯ ಚೆನ್ನಾಗಿ ಬಡಿಯಿತು. ಆಮೇಲೆ ಗೊತ್ತಾಯಿತು, ಶುದ್ಧ ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿ ನೀರು ಬಳಸಲಾಗಿತ್ತು ಎಂದು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯವನ್ನು ಬಡಿಸುತ್ತಿತ್ತು. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್, ರಿಂಗರ್‌ನ ದ್ರಾವಣಕ್ಕೆ ಲ್ಯಾಕ್ಟೇಟ್ ಸೇರಿಸಿದ. ಯಕೃತ್ತು ಅದನ್ನು ಬೈಕಾರ್ಬನೇಟ್ ಆಗಿ ಬದಲಿಸಿ ರಕ್ತದ ಆಮ್ಲೀಯತೆ ಏರದಂತೆ ತಡೆಯುತ್ತದೆ.

ಸಲೈನ್‌ನಲ್ಲಿ ತೊಂದರೆ ಏನು?

ಒಂದು ಲೀಟರ್ ಸಲೈನ್ ಅಂದರೆ 9 ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರು ಲೀಟರ್ ಸಲೈನ್ ಹಾಕಿಸಿಕೊಂಡ ರೋಗಿಯ ಮೈಗೆ ಒಂದೇ ದಿನದಲ್ಲಿ 27 ಗ್ರಾಂ ಉಪ್ಪು ಸೇರುತ್ತದೆ. ಬಿಪಿ ಇದೆ ಎಂದು ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ ಬಿಟ್ಟವರಿಗೂ ಅಷ್ಟೇ.

ಅದಕ್ಕಿಂತ ಮುಖ್ಯವಾದದ್ದು ಕ್ಲೋರೈಡ್. ನಮ್ಮ ರಕ್ತದಲ್ಲಿ ಲೀಟರಿಗೆ ಸುಮಾರು 100 ಮಿಲಿಮೋಲ್ ಕ್ಲೋರೈಡ್ ಇರುತ್ತದೆ. ಸಲೈನ್‌ನಲ್ಲಿ ಇರುವುದು 154. ಆರ್‌ಎಲ್‌ನಲ್ಲಿ 109ರ ಆಸುಪಾಸು. ಕ್ಲೋರೈಡ್ ಏರಿದರೆ ರಕ್ತ ಆಮ್ಲೀಯವಾಗುತ್ತದೆ, ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಇಂಗ್ಲೆಂಡ್‌ನ ನಾಟಿಂಗ್‌ಹ್ಯಾಮ್‌ನಲ್ಲಿ 12 ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಎರಡೆರಡು ಲೀಟರ್ ಸಲೈನ್ ಕೊಟ್ಟು ಎಂಆರ್‌ಐ ಮಾಡಿ ನೋಡಿದಾಗ ಇದು ಕಣ್ಣಿಗೇ ಕಂಡಿತು. ರಕ್ತದ ಸಂಯೋಜನೆಗೆ ಹತ್ತಿರವಿರುವ ಪ್ಲಾಸ್ಮಾಲೈಟ್ ಎಂಬ ದ್ರವ ಕೊಟ್ಟಾಗ ಹಾಗಾಗಲಿಲ್ಲ. ಆರ್‌ಎಲ್, ಪ್ಲಾಸ್ಮಾಲೈಟ್ ಇವುಗಳನ್ನು ವೈದ್ಯರು "ಬ್ಯಾಲೆನ್ಸ್ಡ್" ದ್ರವಗಳು ಎನ್ನುತ್ತಾರೆ.

ಇಷ್ಟು ತಿಳಿದ ಮೇಲೆ "ಸಲೈನ್ ವಿಷ, ಆರ್‌ಎಲ್ ಅಮೃತ" ಎಂಬ ಗಾಳಿ ಬೀಸತೊಡಗಿತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 15,802 ಐಸಿಯು ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ಸಾವು, ಡಯಾಲಿಸಿಸ್ ಅಥವಾ ಮೂತ್ರಪಿಂಡಕ್ಕೆ ಉಳಿದ ಹಾನಿ, ಮೂರನ್ನೂ ಸೇರಿಸಿ ಲೆಕ್ಕ ಹಾಕಿದರೆ ಸಲೈನ್ ಗುಂಪಿನಲ್ಲಿ ಶೇ. 15.4, ಬ್ಯಾಲೆನ್ಸ್ಡ್ ಗುಂಪಿನಲ್ಲಿ ಶೇ. 14.3. ಅಂತರ ಚಿಕ್ಕದು, ಆದರೆ ಇತ್ತು.

ಆದರೆ ಐಸಿಯು ರೋಗಿ ಬೇರೆ, ಆಪರೇಷನ್ ಟೇಬಲ್ ಮೇಲಿನ ರೋಗಿ ಬೇರೆ. ಅದಕ್ಕೇ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಕರುಳು ಮತ್ತು ಮೂಳೆ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲೇ ಪರೀಕ್ಷೆ ನಡೆಸಿದರು. ಎರಡು ವಾರ ಆಪರೇಷನ್ ಥಿಯೇಟರ್‌ನಲ್ಲಿ ಸಲೈನ್, ಮುಂದಿನ ಎರಡು ವಾರ ಆರ್‌ಎಲ್, ಹೀಗೆ ಸರದಿಯಂತೆ. 8,616 ರೋಗಿಗಳು. 2020ರಲ್ಲಿ ಪ್ರಕಟವಾದ ಫಲಿತಾಂಶ: ಗಂಭೀರ ತೊಡಕು ಆರ್‌ಎಲ್‌ನಲ್ಲಿ ಶೇ. 5.8, ಸಲೈನ್‌ನಲ್ಲಿ ಶೇ. 6.1. ವ್ಯತ್ಯಾಸ ಇಲ್ಲ ಎಂದೇ ಅರ್ಥ. ಅಲ್ಲಿನ ರೋಗಿಗಳಿಗೆ ಹೋಗಿದ್ದು ಸರಾಸರಿ ಎರಡು ಲೀಟರ್‌ಗೆ ಹತ್ತಿರದಷ್ಟು ದ್ರವ ಎಂಬುದನ್ನು ಮರೆಯಬಾರದು.

ನನ್ನ ಲೆಕ್ಕದಲ್ಲಿ ಇದರ ಅರ್ಥ ಇಷ್ಟು. ಒಂದೆರಡು ಲೀಟರ್‌ನಷ್ಟೇ ಬೇಕಾದ, ಮೂತ್ರಪಿಂಡ ಗಟ್ಟಿಯಿರುವ ರೋಗಿಗೆ ಯಾವ ಬಾಟಲಿ ಹಾಕಿದರೂ ದೊಡ್ಡ ಫರಕು ಬೀಳುವುದಿಲ್ಲ. ಐದಾರು ಗಂಟೆಯ ಆಪರೇಷನ್, ಹೆಚ್ಚು ದ್ರವ ಬೇಕು, ಮೂತ್ರಪಿಂಡ ಮೊದಲೇ ಸೋತಿದೆ ಎಂದಾದರೆ ಆರ್‌ಎಲ್ ಅಥವಾ ಅಂಥದ್ದೇ ದ್ರವ ಮೇಲು. ನಮ್ಮಲ್ಲಿ ಆರ್‌ಎಲ್ ಮತ್ತು ಸಲೈನ್ ಎರಡೂ ಅಗ್ಗದ ಬಾಟಲಿಗಳೇ. ಹಾಗಿರುವಾಗ ಆರ್‌ಎಲ್‌ನಿಂದಲೇ ಶುರು ಮಾಡುವುದಕ್ಕೆ ಖರ್ಚಿನ ಅಡ್ಡಿಯೂ ಇಲ್ಲ.

"ಆರ್‌ಎಲ್‌ನಲ್ಲಿ ಪೊಟ್ಯಾಸಿಯಂ ಇದೆ, ಕಿಡ್ನಿ ರೋಗಿಗೆ ಕೊಡಬಾರದು" ಎಂಬ ಮಾತು ಇನ್ನೂ ಕೇಳಿಬರುತ್ತದೆ. ಅದರಲ್ಲಿರುವುದು ಲೀಟರಿಗೆ 4 ಮಿಲಿಮೋಲ್, ರಕ್ತದಲ್ಲಿರುವಷ್ಟೇ. ಕಿಡ್ನಿ ಕಸಿ ರೋಗಿಗಳಲ್ಲಿ ಪರೀಕ್ಷಿಸಿದಾಗ ಪೊಟ್ಯಾಸಿಯಂ ಏರಿದ್ದು ಸಲೈನ್ ಪಡೆದವರಲ್ಲೇ ಹೆಚ್ಚು, ಏಕೆಂದರೆ ಆಮ್ಲೀಯತೆ ಕೋಶದೊಳಗಿನ ಪೊಟ್ಯಾಸಿಯಂ ಅನ್ನು ಹೊರಗೆ ತಳ್ಳುತ್ತದೆ.

ಸಲೈನ್ ಬೇಕಾಗುವ ಜಾಗಗಳು

ಜಠರದ ಬಾಗಿಲು ಮುಚ್ಚಿಹೋಗಿ ದಿನಗಟ್ಟಲೆ ವಾಂತಿ ಮಾಡಿಕೊಂಡ ರೋಗಿ ಕಳೆದುಕೊಂಡಿರುವುದೇ ಆಮ್ಲ ಮತ್ತು ಕ್ಲೋರೈಡ್. ಅವನಿಗೆ ಆಪರೇಷನ್‌ಗೆ ಮುನ್ನ ಸಲೈನೇ ಮದ್ದು, ಜೊತೆಗೆ ಪೊಟ್ಯಾಸಿಯಂ. ತಲೆಗೆ ಪೆಟ್ಟಾಗಿ ಮಿದುಳು ಊದಿಕೊಂಡವರಿಗೂ ಸಲೈನ್ ಒಳ್ಳೆಯದು, ಏಕೆಂದರೆ ಆರ್‌ಎಲ್ ರಕ್ತಕ್ಕಿಂತ ಸ್ವಲ್ಪ ತೆಳು. ರಕ್ತದ ಚೀಲ ಹಾಕುವ ಅದೇ ಟ್ಯೂಬಿನಲ್ಲಿ ಆರ್‌ಎಲ್ ಓಡಿಸುವುದಿಲ್ಲ, ಅದರ ಕ್ಯಾಲ್ಸಿಯಂನಿಂದ ರಕ್ತ ಹೆಪ್ಪುಗಟ್ಟಬಹುದು.

ಬಳ್ಳಾರಿ ನೆನಪು

ಆರ್‌ಎಲ್ ಹೆಸರು ಕೇಳಿದರೆ ಈಗ ಕನ್ನಡಿಗರಿಗೆ ಬಳ್ಳಾರಿ ನೆನಪಾಗುತ್ತದೆ. 2024ರ ನವೆಂಬರ್‌ನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಸಾವಿಗೀಡಾದಾಗ ಅನುಮಾನ ಬಿದ್ದಿದ್ದು ಹೊರರಾಜ್ಯದ ಕಂಪನಿ ಪೂರೈಸಿದ್ದ ಆರ್‌ಎಲ್ ಬಾಟಲಿಗಳ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು, ಅಧಿಕಾರಿಗಳ ಮೇಲೆ ಕ್ರಮವೂ ಆಯಿತು. ಆಮೇಲೆ "ನಮ್ಮವರಿಗೆ ಆರ್‌ಎಲ್ ಬೇಡ" ಎನ್ನುವ ಕುಟುಂಬದವರೂ ಇದ್ದಾರೆ. ಅವರ ಭಯ ಸಹಜ. ಆದರೆ ಅಲ್ಲಿ ಎದ್ದ ಪ್ರಶ್ನೆ ಬಾಟಲಿ ತಯಾರಿಕೆಯ ಗುಣಮಟ್ಟದ್ದು, ಆರ್‌ಎಲ್ ಎಂಬ ದ್ರವದ ಸಂಯೋಜನೆಯದ್ದಲ್ಲ. ಸ್ವಚ್ಛತೆ ಕೆಟ್ಟರೆ ಸಲೈನ್ ಬಾಟಲಿಯೂ ಅಷ್ಟೇ ಅಪಾಯ. ಬಾಟಲಿಯಲ್ಲಿ ಕಣ ತೇಲುತ್ತಿದ್ದರೆ, ದ್ರವ ಮಬ್ಬಾಗಿದ್ದರೆ, ಸೋರುತ್ತಿದ್ದರೆ, ಡ್ರಿಪ್ ಶುರುವಾದ ಕೂಡಲೇ ರೋಗಿಗೆ ಚಳಿ ನಡುಕ ಬಂದರೆ ತಕ್ಷಣ ಸಿಸ್ಟರ್‌ಗೆ ಹೇಳಿ. ಬ್ಯಾಚ್ ನಂಬರ್ ಇರುವ ಬಾಟಲಿಯನ್ನು ಬಿಸಾಡದೆ ಇಡಿಸಿ.

ಎಷ್ಟು ಕೊಡಬೇಕು? ನಿಜವಾದ ಜಗಳ ಇಲ್ಲೇ

ಯಾವ ದ್ರವ ಎನ್ನುವುದಕ್ಕಿಂತ ಎಷ್ಟು ದ್ರವ ಎನ್ನುವುದು ಹೊಟ್ಟೆಯ ಆಪರೇಷನ್‌ನಲ್ಲಿ ದೊಡ್ಡ ಪ್ರಶ್ನೆ. 1960ರ ದಶಕದಲ್ಲಿ ಅಮೆರಿಕದ ಸರ್ಜನ್ ಟಾಮ್ ಶೈರ್ಸ್ ಒಂದು ವಾದ ಮುಂದಿಟ್ಟರು. ಆಪರೇಷನ್ ಸಮಯದಲ್ಲಿ ದೇಹದ ದ್ರವ ರಕ್ತನಾಳವೂ ಅಲ್ಲದ, ಕೋಶವೂ ಅಲ್ಲದ "ಮೂರನೇ ಜಾಗ"ಕ್ಕೆ ಸೇರಿಹೋಗುತ್ತದೆ, ಅದನ್ನು ತುಂಬಬೇಕು ಎಂದು. ಅಲ್ಲಿಂದ ಕೈಬಿಚ್ಚಿ ದ್ರವ ಕೊಡುವುದು ರೂಢಿಯಾಯಿತು. ಆಪರೇಷನ್ ಮುಗಿದು ಎರಡು ದಿನಕ್ಕೆ ರೋಗಿಯ ತೂಕ ಮೂರು ಕಿಲೋ ಏರುವುದು, ಕೈಕಾಲು, ಮುಖ ಊದುವುದು ಮಾಮೂಲಾಯಿತು.

ಹೊರಗೆ ಕಾಣುವ ಊತ ಒಳಗೂ ಇರುತ್ತದೆ. ಕರುಳಿನ ಗೋಡೆ ನೀರು ತುಂಬಿ ದಪ್ಪವಾದರೆ ಕರುಳು ಚಲಿಸುವುದಿಲ್ಲ. ಗ್ಯಾಸ್ ಹೋಗುವುದಿಲ್ಲ, ಹೊಟ್ಟೆ ಉಬ್ಬರಿಸುತ್ತದೆ, ವಾಂತಿಯಾಗುತ್ತದೆ. ಕತ್ತರಿಸಿ ಜೋಡಿಸಿದ ಕರುಳಿನ ಹೊಲಿಗೆ ಒಣಗುವುದು ತಡವಾಗುತ್ತದೆ. ಶ್ವಾಸಕೋಶದಲ್ಲಿ ನೀರು ನಿಂತರೆ ಉಸಿರಾಟಕ್ಕೆ ಕಷ್ಟ. 2002ರಲ್ಲಿ ನಾಟಿಂಗ್‌ಹ್ಯಾಮ್‌ನ ವೈದ್ಯರು ಕರುಳಿನ ಆಪರೇಷನ್ ಆದ ಬರೀ 20 ರೋಗಿಗಳಲ್ಲಿ ಇದನ್ನು ತೋರಿಸಿದರು. ಅರ್ಧ ಜನರಿಗೆ ದಿನಕ್ಕೆ ಮೂರು ಲೀಟರ್ ಅಥವಾ ಹೆಚ್ಚು ನೀರು, ಜೊತೆಗೆ ಒಂದು ಲೀಟರ್ ಸಲೈನ್‌ನಲ್ಲಿರುವಷ್ಟು ಉಪ್ಪು. ಉಳಿದವರಿಗೆ ಎರಡು ಲೀಟರ್ ಒಳಗೆ ನೀರು, ಅರ್ಧ ಉಪ್ಪು. ಕಡಿಮೆ ಪಡೆದವರಿಗೆ ಒಂದು ದಿನ ಮೊದಲೇ ಗ್ಯಾಸ್ ಹೋಯಿತು. ಅವರು ಮೂರು ದಿನ ಮೊದಲೇ ಮನೆಗೆ ಹೋದರು. ಮರುವರ್ಷ ಡೆನ್ಮಾರ್ಕ್‌ನಲ್ಲಿ 172 ರೋಗಿಗಳ ಅಧ್ಯಯನ: ಕಡಿಮೆ ದ್ರವದ ಗುಂಪಿನಲ್ಲಿ ಶೇ. 33 ಮಂದಿಗೆ ತೊಡಕು, ರೂಢಿಯಂತೆ ಕೊಟ್ಟವರಲ್ಲಿ ಶೇ. 51.

ಇಷ್ಟಾದ ಮೇಲೆ ವೈದ್ಯಲೋಕ ಇನ್ನೊಂದು ತುದಿಗೆ ವಾಲಿತು. ಕೊಡಲೇಬೇಡಿ, ತೂಕ ಒಂದಿಷ್ಟೂ ಏರಬಾರದು ಎನ್ನುವವರೂ ಹುಟ್ಟಿಕೊಂಡರು. ಆ ಹಟಕ್ಕೆ ತಡೆ ಬಿದ್ದಿದ್ದು 2018ರಲ್ಲಿ. ಆಸ್ಟ್ರೇಲಿಯಾದ ಅರಿವಳಿಕೆ ತಜ್ಞ ಪಾಲ್ ಮೈಲ್ಸ್ ನೇತೃತ್ವದಲ್ಲಿ 7 ದೇಶಗಳ ಸುಮಾರು 3,000 ರೋಗಿಗಳಲ್ಲಿ ನಡೆದ "ರಿಲೀಫ್" ಅಧ್ಯಯನ ಇದು. ಎಲ್ಲರೂ ಹೊಟ್ಟೆಯ ದೊಡ್ಡ ಆಪರೇಷನ್‌ನವರೇ. ಮೊದಲ 24 ಗಂಟೆಯಲ್ಲಿ ಒಂದು ಗುಂಪಿಗೆ ಸುಮಾರು 3.7 ಲೀಟರ್, ಇನ್ನೊಂದಕ್ಕೆ 6.1 ಲೀಟರ್. ಒಂದು ವರ್ಷದ ನಂತರ ಅಂಗವೈಕಲ್ಯವಿಲ್ಲದೆ ಬದುಕಿದ್ದವರು ಎರಡೂ ಗುಂಪಿನಲ್ಲಿ ಶೇ. 82ರಷ್ಟು. ಆದರೆ ಕಡಿಮೆ ದ್ರವ ಪಡೆದವರಲ್ಲಿ ಮೂತ್ರಪಿಂಡಕ್ಕೆ ಹಠಾತ್ ಪೆಟ್ಟು ಬಿದ್ದಿದ್ದು ಶೇ. 8.6 ಮಂದಿಗೆ, ಹೆಚ್ಚು ಪಡೆದವರಲ್ಲಿ ಶೇ. 5.

ಹಾಗಾಗಿ ಈಗಿನ ಒಲವು ಮಧ್ಯದಲ್ಲಿ ನಿಂತಿದೆ. ಆಪರೇಷನ್ ಮುಗಿಯುವಾಗ ದೇಹದಿಂದ ಹೋದದ್ದಕ್ಕಿಂತ ಒಂದೆರಡು ಲೀಟರ್ ಹೆಚ್ಚು ಒಳಗಿರಲಿ, ಅದಕ್ಕಿಂತ ಮೇಲೆ ಬೇಡ. ನಂತರದ ದಿನಗಳಿಗೆ ಬ್ರಿಟನ್‌ನ ನೈಸ್ ಸಂಸ್ಥೆಯ ಸೂತ್ರ ಸರಳ: ಕಿಲೋ ತೂಕಕ್ಕೆ ದಿನಕ್ಕೆ 25ರಿಂದ 30 ಮಿಲಿ ನೀರು. 60 ಕಿಲೋದವರಿಗೆ ಒಂದೂವರೆ ಲೀಟರ್‌ನಿಂದ 1.8 ಲೀಟರ್. ಅಂದರೆ ಅರ್ಧ ಲೀಟರ್‌ನ ಮೂರು, ಹೆಚ್ಚೆಂದರೆ ನಾಲ್ಕು ಬಾಟಲಿ. ಡ್ರೈನ್, ವಾಂತಿ, ಭೇದಿಯಲ್ಲಿ ಹೋದದ್ದನ್ನು ಬೇರೆಯಾಗಿ ತುಂಬಬೇಕು.

ಕರುಳು ತೂತಾಗಿ ಹೊಟ್ಟೆಯೆಲ್ಲ ಸೋಂಕು ಹರಡಿ ತುರ್ತು ಆಪರೇಷನ್‌ಗೆ ಬಂದವರಿಗೆ ಈ ಲೆಕ್ಕ ಅನ್ವಯಿಸದು. ಅವರು ಬರುವಾಗಲೇ ಬತ್ತಿರುತ್ತಾರೆ. ಸೋಂಕಿನಿಂದ ಬಿಪಿ ಬಿದ್ದಿದ್ದರೆ ಮೊದಲ ಮೂರು ಗಂಟೆಯಲ್ಲೇ ಕಿಲೋಗೆ 30 ಮಿಲಿಯಷ್ಟು ಕೊಡಬೇಕಾಗಬಹುದು. ಹೃದಯ ದುರ್ಬಲವಾಗಿರುವವರಿಗೆ, ಲಿವರ್ ಸಿರೋಸಿಸ್ ಇರುವವರಿಗೆ ಲೆಕ್ಕ ಮತ್ತೆ ಬೇರೆ.

ಮೂತ್ರ ಕಡಿಮೆ ಆಯ್ತು, ಇನ್ನೊಂದು ಬಾಟಲಿ ಹಾಕಿ?

ಆಪರೇಷನ್ ಆದ ರಾತ್ರಿ ಮೂತ್ರದ ಚೀಲ ನೋಡಿ ಗಾಬರಿಯಾಗುವವರು ಬಹಳ. ಶಸ್ತ್ರಚಿಕಿತ್ಸೆಯ ಒತ್ತಡಕ್ಕೆ ದೇಹ ನೀರು ಹಿಡಿದಿಡುವ ಹಾರ್ಮೋನ್ ಬಿಡುಗಡೆ ಮಾಡುತ್ತದೆ. ಹಾಗಾಗಿ ಮೊದಲ ದಿನ ಮೂತ್ರ ಸ್ವಲ್ಪ ಕಡಿಮೆಯಾಗುವುದು ಸಹಜ. ಬಿಪಿ ಬಿದ್ದದ್ದೂ ಪ್ರತಿಸಲ ನೀರಿನ ಕೊರತೆಯಲ್ಲ. ಬೆನ್ನಿನ ಎಪಿಡ್ಯೂರಲ್ ಅರಿವಳಿಕೆ ರಕ್ತನಾಳಗಳನ್ನು ಸಡಿಲಿಸಿದ್ದರೆ, ಅದಕ್ಕೆ ಬೇಕಾದದ್ದು ನಾಳ ಬಿಗಿ ಮಾಡುವ ಔಷಧಿ, ನಾಲ್ಕು ಬಾಟಲಿ ನೀರಲ್ಲ. ನಾಡಿ, ಬಿಪಿ, ಕೈಕಾಲಿನ ಬಿಸಿ, ರಕ್ತದ ಲ್ಯಾಕ್ಟೇಟ್ ಎಲ್ಲವನ್ನೂ ಸೇರಿಸಿ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ದ್ರವ ಬೇಕು ಎನ್ನಿಸಿದರೆ ಕಾಲು ಲೀಟರ್ ಬೇಗ ಕೊಟ್ಟು ಏನಾಗುತ್ತದೆ ನೋಡಿ, ಮತ್ತೆ ಯೋಚಿಸುತ್ತಾರೆ. ಹೃದಯದ ರಕ್ತ ಹೊರಹಾಕುವಿಕೆಯನ್ನು ಅಳೆಯುವ ದುಬಾರಿ ಯಂತ್ರಗಳೂ ಬಂದಿವೆ. ಎಲ್ಲರಿಗೂ ಅವುಗಳಿಂದ ಲಾಭ ಎಂದು ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ.

ಪಿಷ್ಟದ ಬಾಟಲಿ, ಅಲ್ಬುಮಿನ್ ಬಾಟಲಿ

ರಕ್ತನಾಳದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಒಂದು ಕಾಲದಲ್ಲಿ ಪಿಷ್ಟದಿಂದ ಮಾಡಿದ ದ್ರವಗಳು ಜನಪ್ರಿಯವಾಗಿದ್ದವು. 2012ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ ಇವುಗಳನ್ನು ಪಡೆದ ಐಸಿಯು ರೋಗಿಗಳಿಗೆ ಡಯಾಲಿಸಿಸ್ ಹೆಚ್ಚು ಬೇಕಾಯಿತು. 2022ರಲ್ಲಿ ಯುರೋಪ್ ಅವುಗಳ ಮಾರಾಟವನ್ನೇ ಅಮಾನತಿನಲ್ಲಿಟ್ಟಿತು. ಹೊಟ್ಟೆಯ ಆಪರೇಷನ್ ರೋಗಿಗಳಲ್ಲೇ ಫ್ರಾನ್ಸ್‌ನವರು ಪರೀಕ್ಷಿಸಿದಾಗಲೂ ಸಲೈನ್‌ಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಅಲ್ಬುಮಿನ್ ಬೇರೆ. ಅದು ಮನುಷ್ಯರ ರಕ್ತದಿಂದಲೇ ತೆಗೆದ ಪ್ರೋಟೀನ್. ಒಂದು ಬಾಟಲಿಗೆ ಸಾವಿರಾರು ರೂಪಾಯಿ. ಲಿವರ್ ಕಾಯಿಲೆಯ ಕೆಲವು ಸಂದರ್ಭಗಳಲ್ಲಿ ಅದು ನಿಜಕ್ಕೂ ಬೇಕು. ಆದರೆ 2004ರಲ್ಲಿ ಸುಮಾರು 7,000 ಐಸಿಯು ರೋಗಿಗಳಲ್ಲಿ ಸಲೈನ್ ಜೊತೆ ಹೋಲಿಸಿದಾಗ ಸಾವಿನ ಪ್ರಮಾಣ ಒಂದೇ ಇತ್ತು. "ಅಲ್ಬುಮಿನ್ ತನ್ನಿ" ಎಂದು ಚೀಟಿ ಕೊಟ್ಟರೆ, ಯಾವ ಕಾರಣಕ್ಕೆ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಮನೆಯವರು ಏನು ಮಾಡಬಹುದು?

ಆಪರೇಷನ್‌ಗೆ ಮುಂಚೆ ರೋಗಿಯ ಸರಿಯಾದ ತೂಕ ಬರೆಸಿ. ಹೃದಯ, ಕಿಡ್ನಿ ತೊಂದರೆ, ಬಿಪಿ ಮಾತ್ರೆ, ನೀರಿನ ಮಾತ್ರೆ ಏನಿದ್ದರೂ ಅರಿವಳಿಕೆ ವೈದ್ಯರಿಗೆ ಹೇಳಿ. ಹಿಂದಿನ ರಾತ್ರಿಯಿಂದ ಹನಿ ನೀರೂ ಕೊಡದೆ ಇಡುವುದು ಹಳೆಯ ಪದ್ಧತಿ. ಹೊಟ್ಟೆ ಖಾಲಿಯಾಗುವುದಕ್ಕೆ ಅಡ್ಡಿಯಿಲ್ಲದ ರೋಗಿ ಅರಿವಳಿಕೆಗೆ ಎರಡು ಗಂಟೆ ಮೊದಲಿನವರೆಗೂ ನೀರು ಕುಡಿಯಬಹುದು ಎನ್ನುತ್ತವೆ ಈಗಿನ ನಿಯಮಗಳು. ನಿಮ್ಮ ರೋಗಿಗೆ ಅದು ಸಾಧ್ಯವೇ ಎಂದು ವೈದ್ಯರನ್ನೇ ಕೇಳಿ.

ಬಾಟಲಿ ನಿಧಾನ ಹೋಗುತ್ತಿದೆ ಎಂದು ಟ್ಯೂಬಿನ ಚಕ್ರವನ್ನು ನೀವೇ ತಿರುಗಿಸಬೇಡಿ. ವಯಸ್ಸಾದವರಿಗೆ ಅರ್ಧ ಗಂಟೆಯಲ್ಲಿ ಒಂದು ಲೀಟರ್ ಹೋದರೆ ಉಸಿರು ಕಟ್ಟಬಹುದು. ರೋಗಿ ಬಾಯಲ್ಲಿ ಕುಡಿದ ನೀರು, ಎಳನೀರು, ವಾಂತಿಯ ಲೆಕ್ಕವನ್ನು ಸಿಸ್ಟರ್‌ಗೆ ತಪ್ಪದೆ ಹೇಳಿ, ಅದು ಚಾರ್ಟ್‌ಗೆ ಹೋಗಬೇಕು. ದಿನವೂ ತೂಕ ನೋಡುವ ಪದ್ಧತಿ ವಾರ್ಡ್‌ನಲ್ಲಿ ಇದ್ದರೆ ಒಳ್ಳೆಯದು, ದ್ರವ ಹೆಚ್ಚಾದದ್ದನ್ನು ಅದರಷ್ಟು ಬೇಗ ತೋರಿಸುವ ಅಗ್ಗದ ಪರೀಕ್ಷೆ ಬೇರೊಂದಿಲ್ಲ. ಕಾಲು ಊದಿದರೆ, ಮಲಗಿದಾಗ ದಮ್ಮು ಬಂದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯಬೇಡಿ.

ಡೆನ್ಮಾರ್ಕ್‌ನ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಶುರು ಮಾಡಿದ ಬೇಗ ಚೇತರಿಸಿಕೊಳ್ಳುವ ಪದ್ಧತಿಯನ್ನು ಅನುಸರಿಸುವ ಆಸ್ಪತ್ರೆಗಳಲ್ಲಿ ಕರುಳಿನ ಆಪರೇಷನ್ ಆದ ದಿನವೇ ಗುಟುಕು ನೀರು ಕೊಡುತ್ತಾರೆ. ಮರುದಿನ ಕುಡಿದದ್ದು ದಕ್ಕಿದರೆ ಡ್ರಿಪ್ ತೆಗೆದುಬಿಡುತ್ತಾರೆ. "ಇಷ್ಟು ಬೇಗ ಯಾಕೆ ತೆಗೆದ್ರಿ?" ಎಂದು ನೆಂಟರು ಕೇಳಿದರೆ, ರೋಗಿಯ ಕರುಳು ಕೆಲಸ ಶುರು ಮಾಡಿದೆ ಎಂದು ಹೇಳಿ.